ತೊಟ್ಟು ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ: ಹಳೇ ಜಿಪ್ಸಿಯ ಆಯಿಲ್ ಲೀಕು ಹುಡುಕುವ ಬಗೆ

ದೊಡ್ಡಬಳ್ಳಾಪುರದ ಕಡೆ ತೋಟದ ಮನೆ ಮುಂದೆ ಹಳೇ ಮಾರುತಿ ಜಿಪ್ಸಿ ನಿಂತಿದ್ದರೆ, ಅದರ ಹೊಟ್ಟೆಯ ಕೆಳಗೆ ನೆಲದ ಮೇಲೊಂದು ಕಪ್ಪು ಕಲೆಯೂ ಇರುತ್ತದೆ. 1985ರ ಕೊನೆಗೆ ಬಂದ ಗಾಡಿ ಇದು, 2019ರಲ್ಲಿ ತಯಾರಿಕೆ ನಿಂತಿತು. ನನ್ನದು 1998ರ ಜಿಪ್ಸಿ ಕಿಂಗ್, 1298 ಸಿಸಿಯ ಕಾರ್ಬೊರೇಟರ್ ಎಂಜಿನ್. ತಂದ ಮೊದಲ ವರ್ಷವೇ ಆಯಿಲ್ ತೊಟ್ಟಿಕ್ಕುವುದು ಕಂಡು ಒಂದು ಗ್ಯಾರೇಜಿಗೆ ಬಿಟ್ಟೆ. "ಕ್ರ್ಯಾಂಕ್ ಸೀಲ್ ಹೋಗಿದೆ ಸಾರ್, ಗೇರ್ ಬಾಕ್ಸ್ ಇಳಿಸ್ಬೇಕು" ಅಂದರು. ಇಳಿಸಿದರು, ಸೀಲು ಹಾಕಿದರು, ದುಡ್ಡು ಎಣಿಸಿಕೊಂಡರು. ಎಂಟನೇ ದಿನಕ್ಕೆ ಅದೇ ಜಾಗದಲ್ಲಿ ಅದೇ ಕಲೆ. ನಿಜಕ್ಕೂ ಸೋರುತ್ತಿದ್ದದ್ದು ಎಷ್ಟೋ ಮೇಲೆ, ಡಿಸ್ಟ್ರಿಬ್ಯೂಟರ್ ಬುಡದ ಒಂದು ರಬ್ಬರ್ ಉಂಗುರ. ಆಮೇಲೆ ನಾನೇ ಹುಡುಕುವುದನ್ನು ಕಲಿತೆ. ಪಾನಾ ಹಿಡಿದು ಅಭ್ಯಾಸವಿಲ್ಲದವರಿಗೂ ಈ ಕೆಲಸದ ಮುಕ್ಕಾಲು ಪಾಲು ಆಗುತ್ತದೆ.

ಹಂತ 1: ರಟ್ಟು ಹಾಸಿ

ರಾತ್ರಿ ಗಾಡಿ ನಿಲ್ಲಿಸುವಾಗ ಕೆಳಗೆ ದೊಡ್ಡ ರಟ್ಟಿನ ಪೆಟ್ಟಿಗೆ ಬಿಡಿಸಿ ಹಾಸಿ. ಮುಂದಿನ ಚಕ್ರ ಎಲ್ಲಿದೆ, ಹಿಂದಿನದು ಎಲ್ಲಿದೆ ಎಂದು ರಟ್ಟಿನ ಮೇಲೆ ಬರೆದಿಡಿ. ಬೆಳಿಗ್ಗೆ ಅದೇ ನಿಮ್ಮ ನಕ್ಷೆ.

ಕಲೆಯನ್ನು ಬೆರಳಿಗೆ ಹಚ್ಚಿ ಮೂಸಿ. ಕಪ್ಪಗೆ ತೆಳ್ಳಗಿದ್ದರೆ ಎಂಜಿನ್ ಆಯಿಲ್. ಗಟ್ಟಿಯಾಗಿ, ಗಂಧಕದ ಘಾಟು ಹೊಡೆದರೆ ಅಂಗಡಿಯವರು 90 ನಂಬರ್ ಅನ್ನುವ ಗೇರ್ ಆಯಿಲ್. ನೀರಿನಂತಿದ್ದು ಹಸಿರೋ ಕೆಂಪೋ ಬಣ್ಣವಿದ್ದರೆ ಕೂಲೆಂಟ್. ಚಕ್ರದ ಒಳಮೈಯಲ್ಲಿ ತೆಳ್ಳನೆಯ ಜಾರುವ ಪಸೆ ಇದ್ದು, ಬ್ರೇಕ್ ಡಬ್ಬಿಯಲ್ಲಿ ಮಟ್ಟ ಇಳಿದಿದ್ದರೆ ಅದು ಬ್ರೇಕ್ ಆಯಿಲ್. ಗಾಡಿಯನ್ನು ಅಲ್ಲೇ ಬಿಡಿ, ಮೇಸ್ತ್ರಿಯನ್ನು ಮನೆಗೇ ಕರೆಸಿ. ಹಿಂದಿನ ಚಕ್ರದೊಳಗಿಂದ ಗೇರ್ ಆಯಿಲ್ ಇಳಿದಿದ್ದರೂ ಹಾಗೆಯೇ, ಬ್ರೇಕ್ ಲೈನರ್ ನೆಂದರೆ ಬ್ರೇಕ್ ಹಿಡಿಯುವುದಿಲ್ಲ.

ಜಿಪ್ಸಿಯಲ್ಲಿ ಗೇರ್ ಆಯಿಲ್ ನಾಲ್ಕು ಕಡೆ ಇರುತ್ತದೆ: ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮುಂದಿನ ಆಕ್ಸಲ್ ಹೌಸಿಂಗ್, ಹಿಂದಿನ ಆಕ್ಸಲ್ ಹೌಸಿಂಗ್. ಗೇರ್ ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ ನಡುವೆ ಒಂದು ಗಿಡ್ಡ ಶಾಫ್ಟ್ ಇದೆ, ಎರಡೂ ಬೇರೆ ಬೇರೆ. ವಿಲ್ಲೀಸ್ ವಂಶದ ಹಳೇ ಮಹೀಂದ್ರಾ ಜೀಪುಗಳಲ್ಲಿ ಹಾಗಲ್ಲ, ಎರಡನ್ನೂ ಬೆನ್ನಿಗೆ ಬೆನ್ನು ಕಚ್ಚಿಸಿದ್ದಾರೆ. ನಡುವಿನ ಸೀಲು ಸವೆದರೆ ಇತ್ತಲ ಆಯಿಲ್ ಅತ್ತ ಹೋಗುತ್ತದೆ, ನೆಲಕ್ಕೆ ಒಂದು ತೊಟ್ಟೂ ಬೀಳುವುದಿಲ್ಲ. ಜೀಪಿನವರು ಎರಡರ ಮಟ್ಟವನ್ನೂ ಒಟ್ಟಿಗೇ ನೋಡಬೇಕು.

ಹಂತ 2: ತೊಳೆಸಿ

ಇದನ್ನು ಯಾರೂ ಮಾಡುವುದಿಲ್ಲ, ಇದೇ ಮುಖ್ಯ. ನಮ್ಮ ಕೆಮ್ಮಣ್ಣು ಆಯಿಲ್ ಜೊತೆ ಸೇರಿ ಗಾಡಿಯ ಅಡಿಗೆ ಬೆರಳು ದಪ್ಪ ಮೆತ್ತಿಕೊಂಡಿರುತ್ತದೆ. ಆ ಮುದ್ದೆಯ ಮೇಲೆ ಲೀಕು ಹುಡುಕುವುದು ಕತ್ತಲೆ ಕೋಣೆಯಲ್ಲಿ ಸೂಜಿ ಹುಡುಕಿದ ಹಾಗೆ. ಸೀಮೆಎಣ್ಣೆ ಅಥವಾ ಡೀಸೆಲ್ಲು, ಹಳೇ ಬ್ರಷ್ಷು, ಬನಿಯನ್ ವೇಸ್ಟ್ ಇಟ್ಟುಕೊಂಡು, ಎಂಜಿನ್ ತಣ್ಣಗಿರುವಾಗ ಮೊದಲು ಒರಟಾಗಿ ಕೆರೆಯಿರಿ, ಆಮೇಲೆ ವಾಟರ್ ಸರ್ವಿಸ್‌ಗೆ ಬಿಡಿ. ಡಿಸ್ಟ್ರಿಬ್ಯೂಟರ್, ಕಾರ್ಬೊರೇಟರ್ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿಸಿ. ಇಲ್ಲದಿದ್ದರೆ ಗಾಡಿ ಅಲ್ಲೇ ಸ್ಟಾರ್ಟ್ ಆಗದೆ ಮಾನ ಹೋಗುತ್ತದೆ.

ಹಂತ 3: ಉಸಿರು ನೋಡಿ

ಸೀಲು ಕೊಳ್ಳುವ ಮೊದಲು ಇದನ್ನು ಮಾಡಿ. ಹೌಸಿಂಗು, ಗೇರ್ ಬಾಕ್ಸುಗಳಿಗೆ ಬ್ರೀದರ್ ಎಂಬ ಸಣ್ಣ ಉಸಿರುಗಂಡಿ ಇರುತ್ತದೆ. ಓಡುವಾಗ ಒಳಗಿನ ಗಾಳಿ ಕಾದು ಹಿಗ್ಗಿ ಅಲ್ಲಿಂದ ಹೊರಗೆ ಹೋಗಬೇಕು. ಬೇಸಿಗೆಯಲ್ಲಿ ಕೆರೆ ಗೋಡು ಹೊಡೆಯುವ ಜಾಗಕ್ಕೆ ಗಾಡಿ ಇಳಿಸಿದವರಿಗೆ ಗೊತ್ತು, ಆ ಮಣ್ಣು ಒಣಗಿದರೆ ಸಿಮೆಂಟು. ಉಸಿರುಗಂಡಿ ಕಟ್ಟಿತೆಂದರೆ ಒತ್ತಡಕ್ಕೆ ಬೇರೆ ದಾರಿ ಇಲ್ಲ, ಸೀಲಿನ ತುಟಿಯನ್ನೇ ಸರಿಸಿ ಆಯಿಲ್ ಆಚೆ ಬರುತ್ತದೆ. ಹೊಸ ಸೀಲು ಹಾಕಿದರೂ ಅಷ್ಟೇ. ಬ್ರೀದರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು, ಊದಿ ನೋಡಿ ಹಾಕಿ.

ಎಂಜಿನ್ನಿಗೂ ಇದೇ ನ್ಯಾಯ. ಇನ್‌ಟೇಕ್ ಕಡೆಯ ಪಿಸಿವಿ ವಾಲ್ವ್ ಬಿಚ್ಚಿ ಕಿವಿ ಹತ್ತಿರ ಅಲುಗಾಡಿಸಿ. ಟಕಟಕ ಅಂದರೆ ಜೀವ ಇದೆ. ಸದ್ದಿಲ್ಲದಿದ್ದರೆ ತೊಳೆಯಿರಿ, ಆಗಲೂ ಸದ್ದಿಲ್ಲದಿದ್ದರೆ ಹೊಸದು. ಆಯಿಲ್ ಕಡ್ಡಿಯನ್ನೂ ನೋಡಿ. ಮೇಲಿನ ಗೆರೆ ದಾಟಿ ತುಂಬಿಸಿದ ಆಯಿಲ್ ಕೂಡ ಹೊರದಾರಿ ಹುಡುಕುತ್ತದೆ.

ಹಂತ 4: ಪೌಡರ್ ಹೊಡೆದು ಓಡಿಸಿ

ಒಣಗಿದ ಮೇಲೆ ಅನುಮಾನದ ಜಾಗಗಳಿಗೆ ಮುಖಕ್ಕೆ ಹಾಕುವ ಟಾಲ್ಕಂ ಪೌಡರ್ ಚಿಮುಕಿಸಿ. ರಂಗೋಲಿ ಪುಡಿ ಬೇಡ, ಅದು ಕಲ್ಲಿನ ಪುಡಿ, ಸೀಲಿನೊಳಗೆ ಹೋದರೆ ಉಜ್ಜಿ ತಿನ್ನುತ್ತದೆ. ಆಮೇಲೆ ಗಾಡಿ ಚೆನ್ನಾಗಿ ಕಾಯುವಷ್ಟು ಓಡಿಸಿ. ನಾನು ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ಬರುತ್ತೇನೆ, ದೇವರ ಕೆಲಸವೂ ಆಯಿತು.

ಬಂದವರೇ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಕೊಟ್ಟು, ಟಾರ್ಚ್ ಹಿಡಿದು ಕೆಳಗೆ ನುಗ್ಗಿ. ಸೈಲೆನ್ಸರ್ ಪೈಪು ಸುಡುತ್ತಿರುತ್ತದೆ, ಜೋಪಾನ. ಜಿಪ್ಸಿಗೆ ಸಾಕಷ್ಟು ಎತ್ತರವಿದೆ, ನೋಡುವುದಕ್ಕೆ ಜಾಕ್ ಬೇಕಿಲ್ಲ. ಎತ್ತಲೇಬೇಕಾದರೆ ಕಬ್ಬಿಣದ ಸ್ಟ್ಯಾಂಡ್ ಕೊಡಿ. ನಮ್ಮಲ್ಲಿ ಸೈಜುಗಲ್ಲು ಜೋಡಿಸುವವರಿದ್ದಾರೆ. ಕಲ್ಲು ಹೇಳದೆ ಕೇಳದೆ ಸೀಳುತ್ತದೆ, ಅದರ ಕೆಳಗೆ ತಲೆ ಇಡಬೇಡಿ.

ಆಯಿಲ್ ಕೆಳಕ್ಕೆ ಇಳಿಯುತ್ತದೆ, ಓಡುವ ಗಾಳಿಗೆ ಹಿಂದಕ್ಕೂ ಹೋಗುತ್ತದೆ. ಆದ್ದರಿಂದ ನೆಂದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದೋ ಅದೇ ಕಳ್ಳ. ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವಿನ ಬೆಲ್ ಹೌಸಿಂಗ್ ಕೆಳಗೆ ತೊಟ್ಟು ಕಂಡ ಕೂಡಲೇ ಕ್ರ್ಯಾಂಕ್ ಸೀಲ್ ಅನ್ನಬೇಡಿ. ಈ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ಇರುವುದು ಹೆಡ್ಡಿನ ಹಿಂಭಾಗದಲ್ಲಿ. ಅಲ್ಲಿ ಜಿನುಗಿದ್ದು ಎಂಜಿನ್ನಿನ ಬೆನ್ನ ಮೇಲೆ ಇಳಿದು ಬೆಲ್ ಹೌಸಿಂಗಿನ ತುದಿಯಲ್ಲೇ ತೊಟ್ಟಿಕ್ಕುತ್ತದೆ. ಟ್ಯಾಪೆಟ್ ಕವರಿನ ಹಿಂಬದಿ ಸೋರಿದರೂ ಅದೇ ದಾರಿ. ಇವೆರಡೂ ಒಣಗಿದ್ದು ಕೆಳಗೆ ಮಾತ್ರ ಪಸೆ ಇದ್ದರೆ ಆಗ ಕ್ರ್ಯಾಂಕ್ ಸೀಲಿನ ಮಾತು. ಆ ಪಸೆ ಗಂಧಕ ಹೊಡೆದರೆ ಸೀಲು ಗೇರ್ ಬಾಕ್ಸಿನದು.

ಹಂತ 5: ಕೈಲಾಗುವುದನ್ನು ಮಾಡಿ

ಟ್ಯಾಪೆಟ್ ಕವರ್: ಕವರ್ ತೆಗೆದು, ಹಳೇ ಪ್ಯಾಕಿಂಗ್ ಕಿತ್ತು, ಎರಡೂ ಮೈ ಒಣಬಟ್ಟೆಯಲ್ಲಿ ಒರೆಸಿ ಹೊಸದು ಕೂರಿಸಿ. ನಟ್ಟುಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಬಲ ಹಾಕಿದರೆ ತಗಡು ಬಾಗಿ ಮೊದಲಿಗಿಂತ ಹೆಚ್ಚು ಸೋರುತ್ತದೆ. ಅನಾಬಾಂಡ್ ಅಂಟು ಬಳಿದು ರಬ್ಬರ್ ಪ್ಯಾಕಿಂಗನ್ನು ಮುಳುಗಿಸುವ ಚಟ ನಮ್ಮ ಗ್ಯಾರೇಜುಗಳಲ್ಲಿದೆ. ಒಳಗೆ ಹಿಂಡಿದ ಅಂಟು ಕಿತ್ತು ಬಂದು ಆಯಿಲ್ ಚೇಂಬರಿನ ಜಾಲರಿಗೆ ಕೂತರೆ ಎಂಜಿನ್ನಿಗೇ ಆಯಿಲ್ ಏರದು.

ಡಿಸ್ಟ್ರಿಬ್ಯೂಟರ್ ಓ-ರಿಂಗ್: ಬ್ಯಾಟರಿ ತಂತಿ ಕಳಚಿ. ಕ್ಯಾಪ್ ತೆಗೆದು, ರೋಟರ್ ಯಾವ ಕಡೆ ಮುಖ ಮಾಡಿದೆ ಎಂದು ಫೋಟೋ ತೆಗೆಯಿರಿ. ಡಿಸ್ಟ್ರಿಬ್ಯೂಟರ್ ಮೈಗೂ ಅದು ಕೂತ ಜಾಗಕ್ಕೂ ಸೇರಿಸಿ ಒಂದು ಗೆರೆ ಕೆರೆಯಿರಿ. ಬೋಲ್ಟ್ ಬಿಚ್ಚಿ ಎಳೆಯಿರಿ, ಉಂಗುರ ಬದಲಿಸಿ, ಆಯಿಲ್ ಸವರಿ, ಗೆರೆಗೆ ಗೆರೆ ಕೂಡಿಸಿ ಕೂರಿಸಿ. ಆ ನಡುವೆ ಎಂಜಿನ್ ತಿರುಗಬಾರದು. ಗೆರೆ ತಪ್ಪಿದರೆ ಟೈಮಿಂಗ್ ತಪ್ಪುತ್ತದೆ.

ಡ್ರೇನ್ ನಟ್ಟು: ವಾಷರ್ ಬದಲಿಸಿ. ಗೇರ್ ಆಯಿಲ್ ಇಳಿಸುವುದಿದ್ದರೆ ಮೊದಲು ತುಂಬಿಸುವ ನಟ್ಟು ಬಿಚ್ಚಿ ನೋಡಿ, ಆಮೇಲೆ ಇಳಿಸುವುದು. ಇಳಿಸಿಬಿಟ್ಟ ಮೇಲೆ ಮೇಲಿನ ನಟ್ಟು ತುಕ್ಕು ಹಿಡಿದು ಬಾರದಿದ್ದರೆ ಗಾಡಿ ಅಲ್ಲೇ.

ಟ್ರಾನ್ಸ್‌ಫರ್ ಕೇಸಿನ ಸೀಲು, ಹೌಸಿಂಗಿನ ಪಿನಿಯನ್ ಸೀಲು, ಕ್ರ್ಯಾಂಕ್ ಸೀಲು ಮೂರನ್ನೂ ಮೇಸ್ತ್ರಿಗೆ ಬಿಡಿ. ಪಿನಿಯನ್ ನಟ್ಟು ಹೆಚ್ಚು ಬಿಗಿಯಾದರೆ ಬೇರಿಂಗ್ ಹೋಗುತ್ತದೆ. ಆದರೆ ಎಲ್ಲಿ ಸೋರುತ್ತಿದೆ ಎಂದು ಫೋಟೋ ಸಮೇತ ನೀವೇ ಹೇಳಿ.

ಸೀಲು ಕೊಳ್ಳಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವಾಗ ಹಳೆಯದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಅದರ ಮೈಮೇಲೆ ಸಾಮಾನ್ಯವಾಗಿ ಮೂರು ಅಂಕಿ ಇರುತ್ತವೆ: ಒಳ ಅಳತೆ, ಹೊರ ಅಳತೆ, ದಪ್ಪ, ಮಿಲಿಮೀಟರಿನಲ್ಲಿ. ಅಂಗಡಿಯವನಿಗೆ ಗಾಡಿಯ ಹೆಸರಿಗಿಂತ ಆ ಅಂಕಿ ಬೇಗ ಅರ್ಥವಾಗುತ್ತದೆ.

ಇಳಿಸಿದ ಆಯಿಲನ್ನು ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಡಿ, ಹಳೇ ಆಯಿಲ್ ಕೊಳ್ಳುವವರು ಅಲ್ಲಿಗೆ ಬರುತ್ತಾರೆ. ಚರಂಡಿಗೆ ಬೇಡ. ನಮ್ಮ ಕಡೆಯ ಹಳ್ಳಗಳೆಲ್ಲ ಕೆರೆಗಳಿಗೆ, ಕೆರೆ ಕೋಡಿಗಳು ಅರ್ಕಾವತಿಗೆ.

ಎಲ್ಲ ಮುಗಿದ ಮೇಲೆ ಮತ್ತೆ ರಟ್ಟು ಹಾಸಿ. ನನ್ನ ಜಿಪ್ಸಿ ಈಗಲೂ ಮುಂದಿನ ಎಡಚಕ್ರ ಹೊರಳುವ ಗುಂಡುಕೀಲಿನಿಂದ ರಾತ್ರಿಗೆ ಒಂದೆರಡು ತೊಟ್ಟು ಬಿಡುತ್ತದೆ. ಒಳಗಿನ ಆಕ್ಸಲ್ ಸೀಲು ಸವೆದು ಹೌಸಿಂಗಿನ ಆಯಿಲ್ ಗ್ರೀಸಿನ ಜೊತೆ ಸೇರಿ ಬರುತ್ತಿದೆ. ತಿಂಗಳಿಗೊಮ್ಮೆ ಮಟ್ಟ ನೋಡುತ್ತಿದ್ದೇನೆ, ಸದ್ಯಕ್ಕೆ ಇಳಿದಿಲ್ಲ. ಆ ಚಕ್ರದ ಬೇರಿಂಗ್ ಬಿಚ್ಚುವ ದಿನ ಸೀಲನ್ನೂ ಹಾಕಿಸುತ್ತೇನೆ.