ಓಗರ, ಬೋನ, ಕೂಳು: ವಚನಗಳಲ್ಲಿ ಅನ್ನದ ಮಾತುಗಳು

ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯ ಸೀಮೆಯಲ್ಲಿ ಹಿಟ್ಟು ಎಂದರೆ ರಾಗಿಯ ಪುಡಿಯಷ್ಟೇ ಅಲ್ಲ, ಬೇಯಿಸಿ ತಿರುವಿದ ಮುದ್ದೆಯೂ ಹೌದು. ‘ಹಿಟ್ಟುಂಡಿರಾ?’ ಎಂದು ಕೇಳಿದವರಿಗೆ ಪುಡಿಯ ವಿಚಾರ ಹೇಳುವವರುಂಟೇ? ಆದರೆ ವಚನಗಳನ್ನೋದುವಾಗ ಇಂಥ ತಪ್ಪು ಎಷ್ಟೋ ವೇಳೆ ನಡೆದುಹೋಗುತ್ತದೆ. 12ನೆಯ ಶತಮಾನದ ಮಾತಿಗೆ ಇಂದಿನ ಅರ್ಥವನ್ನೇ ಹಚ್ಚಿದರೆ ಶರಣರ ಆಶಯವು ಕೈತಪ್ಪುವುದು.

‘ಕೂಳು’ ಎಂಬುದನ್ನೇ ನೋಡಬಹುದು. ಈಗ ಅದು ಬೈಗುಳದ ಸಂಗಾತಿ. ‘ದಂಡಕೂಳು’ ಎಂದರೆ ಯಾರಿಗೂ ಸೈರಣೆಯಿಲ್ಲ. ಹಳಗನ್ನಡದಲ್ಲಾದರೋ ಅದು ‘ಕೂೞ್’, ಬೆಂದ ಅನ್ನ. ತಮಿಳಿನಲ್ಲಿ ಇದೇ ಮಾತು ಗಂಜಿಗೆ ನಿಂತಿದೆ. ತೆಲುಗಿನಲ್ಲಿ ‘ಕೂಡು’ ಎಂದಾಗಿ ಊಟವನ್ನು ಹೇಳುತ್ತದೆ. ಆದಕಾರಣ ಹಳೆಯ ಗ್ರಂಥದಲ್ಲಿ ಕೂಳು ಕಂಡೊಡನೆ ತಿರಸ್ಕಾರವನ್ನು ಊಹಿಸಲಾಗದು, ಸಂದರ್ಭವನ್ನು ನೋಡತಕ್ಕದ್ದು.

‘ಓಗರ’ವೂ ಅನ್ನವೇ. ಗಂಟು ಕಟ್ಟಿ ಒಯ್ಯುವ ಬುತ್ತಿಗೆ ಹಿಂದೆ ‘ಕಟ್ಟೋಗರ’ವೆಂಬ ಹೆಸರಿತ್ತು. ಓಗರ ಬಳಕೆಯಿಂದ ಜಾರಿದರೂ ಪುಳಿಯೋಗರೆಯಲ್ಲಿ ಇನ್ನೂ ಕುಳಿತಿದೆ. ‘ಬೋನ’ವು ಭೋಜನದ ತದ್ಭವ, ತೆಲಂಗಾಣದ ಬೋನಾಲು ಹಬ್ಬದ ಹೆಸರಿನಲ್ಲಿಯೂ ಅದೇ ಮಾತಿದೆ.

ಗೃಹಸ್ಥ ಭಕ್ತರು ವಿಶೇಷವಾಗಿ ಗಮನಿಸಬೇಕಾದುದು ‘ಪದಾರ್ಥ’ ಮತ್ತು ‘ಪ್ರಸಾದ’. ಲೋಕದಲ್ಲಿ ಯಾವ ವಸ್ತುವಾದರೂ ಪದಾರ್ಥವೇ. ಶರಣರ ಪರಿಭಾಷೆಯಲ್ಲಿ ಲಿಂಗಕ್ಕೆ ಅರ್ಪಿತವಾಗದಿರುವಷ್ಟು ಕಾಲ ಅದು ಪದಾರ್ಥ. ಅರ್ಪಿತವಾದ ಮೇಲೆ ಪ್ರಸಾದ. ತಳಿಗೆಯೂ ಅದೇ, ಅನ್ನವೂ ಅದೇ. ಬದಲಾದುದು ಉಣ್ಣುವವನ ಭಾವ. ಇದನ್ನರಿಯದೆ ಎರಡನ್ನೂ ‘ಆಹಾರ’ವೆಂದು ಅರ್ಥೈಸಿದರೆ ವಚನದಲ್ಲಿ ಉಳಿಯುವುದು ಅಡುಗೆಮನೆಯ ಮಾತು ಮಾತ್ರ.

ಇಲ್ಲಿ ಒಂದು ಸಂಶಯ ಬರಬಹುದು: ಅರ್ಪಿಸುವ ಅನ್ನ ಉತ್ತಮವಾದುದೇ ಆಗಬೇಕಲ್ಲವೇ? ಮಾದಾರ ಚೆನ್ನಯ್ಯನ ಕಥೆಯಲ್ಲಿ ಶಿವನು ಚೋಳರಸನ ನೈವೇದ್ಯವನ್ನು ಬಿಟ್ಟು ಸವಿದದ್ದು ಅಂಬಲಿಯನ್ನು. ಅಂಬಲಿಯೆಂದರೆ ಹಿಟ್ಟನ್ನು ನೀರಿನಲ್ಲಿ ಕಾಯಿಸಿದ ತೆಳುಗಂಜಿ, ಬಡವನ ಹೊಟ್ಟೆಗೆ ಆಧಾರ. ಆ ಮಾತನ್ನು ಅಂದಗೊಳಿಸಿ ‘ಪಾಯಸ’ವೆಂದರೆ ಕಥೆಯೇ ಕೆಡುವುದು. ಆಯ್ದಕ್ಕಿ ಲಕ್ಕಮ್ಮನ ಕಥೆಯಲ್ಲಿಯೂ ಹಾಗೆಯೇ: ಗಂಡ ಮಾರಯ್ಯನು ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ತಂದಾಗ, ಅದು ಆಸೆಯಿಂದ ತಂದುದೆಂದು ಆಕೆ ಹಿಂದಿರುಗಿಸಲು ಹೇಳಿದಳು. ಅಕ್ಕಿ ಒಳ್ಳೆಯದೇ, ಆದರೆ ಕಾಯಕಕ್ಕೆ ಮೀರಿದ್ದು.

ಉಣ್ಣುವ ಕ್ರಿಯೆಗೂ ಮರ್ಯಾದೆಯ ಮಾತೊಂದಿತ್ತು, ‘ಆರೋಗಣೆ’. ದೇವರು, ಗುರು, ಜಂಗಮರು ಉಣ್ಣುವುದಿಲ್ಲ, ಆರೋಗಿಸುತ್ತಾರೆ. ಈ ಮಾತು ಈಗ ಅಪರೂಪವಾಗಿದೆ. ಮಠಕ್ಕೆ ಬಂದವರನ್ನು ‘ಊಟವಾಯಿತೇ’ ಎನ್ನದೆ ‘ಪ್ರಸಾದವಾಯಿತೇ’ ಎಂದು ವಿಚಾರಿಸುವ ವಾಡಿಕೆ ಮಾತ್ರ ಇಂದಿಗೂ ಇದೆ.