ಜಾಲತಾಣದಲ್ಲಿ ಇಮೇಲ್ ವಿಳಾಸ ಹಾಕುವ ಮುನ್ನ

ಶಾಲೆಗೋ ಸಂಘಕ್ಕೋ ಚಿಕ್ಕ ಪ್ರಕಾಶನಕ್ಕೋ ಜಾಲತಾಣ ಮಾಡಿಕೊಂಡವರು ‘ಸಂಪರ್ಕಿಸಿ’ ಪುಟದಲ್ಲಿ ಇಮೇಲ್ ವಿಳಾಸ ಬರೆಯುತ್ತಾರೆ. ಸ್ವಲ್ಪ ದಿನಕ್ಕೆ ಲಾಟರಿ ಹೊಡೆದಿದೆ, ಸಾಲ ಕೊಡುತ್ತೇವೆ, ನಿಮ್ಮ ತಾಣವನ್ನು ಗೂಗಲ್‌ನಲ್ಲಿ ಮೇಲಕ್ಕೆ ತರುತ್ತೇವೆ ಎಂಬ ಪತ್ರಗಳು ಶುರುವಾಗುತ್ತವೆ. ಯಾರೋ ವಿಳಾಸ ಮಾರಿಕೊಂಡರೆಂದು ಅನುಮಾನಪಡಬೇಕಿಲ್ಲ. ನೀವು ಬಹಿರಂಗವಾಗಿ ಬರೆದದ್ದನ್ನು ಒಂದು ಬಾಟ್, ಎಂದರೆ ತಾನಾಗಿ ಪುಟದಿಂದ ಪುಟಕ್ಕೆ ಅಲೆಯುವ ಪ್ರೋಗ್ರಾಂ, ಎತ್ತಿಕೊಂಡಿರುವ ಸಾಧ್ಯತೆಯೇ ಹೆಚ್ಚು.

ಬಾಟ್ ಓದುವುದು ನಮಗೆ ಕಾಣುವ ಪುಟವನ್ನಲ್ಲ, ಅದರ ಹಿಂದಿರುವ ಎಚ್‌ಟಿಎಂಎಲ್ ಬರಹವನ್ನು. ಅಲ್ಲಿ @ ಚಿಹ್ನೆ, ಅದರ ಎರಡೂ ಬದಿಗೆ ಅಕ್ಷರ, ಮುಂದೆ ಒಂದು ಚುಕ್ಕೆ ಸಿಕ್ಕರೆ ಅದಕ್ಕೆ ಸಾಕು. 1971ರಲ್ಲಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಇಮೇಲ್ ಕಳಿಸುವ ಪ್ರೋಗ್ರಾಂ ಬರೆದ ರೇ ಟಾಮ್ಲಿನ್ಸನ್ ಈ ಚಿಹ್ನೆಯನ್ನು ಆರಿಸಿದ್ದು ಅದು ಜನರ ಹೆಸರುಗಳಲ್ಲಿ ಬರುವುದಿಲ್ಲ ಎಂಬ ಕಾರಣಕ್ಕೆ. ಅದೇ ಗುಣದಿಂದಾಗಿ ಇವತ್ತು ವಿಳಾಸ ಹುಡುಕುವುದು ಬಾಟ್‌ಗೆ ಸುಲಭವಾಗಿದೆ.

ಹೊಸಬರು ಎಡವುವ ಜಾಗವೊಂದಿದೆ. ಪುಟದ ಮೇಲೆ ‘ನಮಗೆ ಬರೆಯಿರಿ’ ಎಂದಷ್ಟೇ ಕಾಣುತ್ತದೆ, ವಿಳಾಸ ಕಾಣುವುದಿಲ್ಲ, ಹಾಗಾಗಿ ಭಯವಿಲ್ಲ ಎಂದುಕೊಳ್ಳುತ್ತಾರೆ. ಆದರೆ ಆ ಲಿಂಕಿನೊಳಗೆ ‘ಮೇಲ್‌ಟು’ ಎಂಬ ಪದದ ಪಕ್ಕದಲ್ಲೇ ಪೂರ್ತಿ ವಿಳಾಸ ಇರುತ್ತದೆ. ಬಾಟ್ ನೋಡುವುದೇ ಅಲ್ಲಿ.

ಭಾರತದ ಅನೇಕ ಸರ್ಕಾರಿ ತಾಣಗಳು @ ಬದಲು ಆವರಣದಲ್ಲಿ ‘ಅಟ್’ ಎಂದೂ ಚುಕ್ಕೆಯ ಬದಲು ‘ಡಾಟ್’ ಎಂದೂ ಬರೆಯುವುದನ್ನು ನೀವು ನೋಡಿರಬಹುದು. ಇನ್ನು ಕೆಲವರು @ ಜಾಗದಲ್ಲಿ @ ಎಂಬ ಸಂಕೇತ ಹಾಕುತ್ತಾರೆ; ಬ್ರೌಸರ್ ಅದನ್ನು ಮತ್ತೆ @ ಮಾಡಿ ತೋರಿಸುತ್ತದೆ. ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನ ‘ಆಂಟಿಸ್ಪ್ಯಾಂಬಾಟ್’ ಎಂಬ ಫಂಕ್ಷನ್ ಮಾಡುವುದೂ ಇದನ್ನೇ. ಏನೂ ಮಾಡದಿರುವುದಕ್ಕಿಂತ ಇವು ವಾಸಿ. ಆದರೆ ಇವನ್ನು ಬಿಡಿಸಲು ಬಾಟ್ ಬರೆಯುವವನಿಗೆ ಒಂದೆರಡು ಹೆಚ್ಚಿನ ಸಾಲು ಸಾಕು. ‘ಅಟ್’, ‘ಡಾಟ್’ ಪದ್ಧತಿಯಲ್ಲಂತೂ ಪತ್ರ ಬರೆಯಬೇಕಾದವರೇ ವಿಳಾಸವನ್ನು ತಿದ್ದಿ ಟೈಪ್ ಮಾಡಿಕೊಳ್ಳಬೇಕು.

ವಿಳಾಸವನ್ನು ಚಿತ್ರವಾಗಿ ಹಾಕುವುದನ್ನು ನಾನು ಒಪ್ಪುವುದಿಲ್ಲ. ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ನಂಬಿಕೊಂಡ ಅಂಧ ಓದುಗರಿಗೆ ಆ ಚಿತ್ರದಲ್ಲಿ ಏನೂ ಕೇಳಿಸುವುದಿಲ್ಲ. ನಮ್ಮನ್ನು ಸಂಪರ್ಕಿಸಲಿ ಎಂದೇ ಮಾಡಿದ ಪುಟದಿಂದ ಅವರನ್ನು ಹೊರಗಿಡುವುದು ಅನ್ಯಾಯ.

ಜಾವಾಸ್ಕ್ರಿಪ್ಟ್ ಮಾರ್ಗ ಇವಕ್ಕಿಂತ ಗಟ್ಟಿ. ವಿಳಾಸವನ್ನು ತುಂಡು ಮಾಡಿಯೋ ಅಕ್ಷರ ಬದಲಿಸಿಯೋ ಇಟ್ಟು, ಓದುಗರ ಬ್ರೌಸರ್‌ನಲ್ಲಿ ಪುಟ ತೆರೆದಾಗ ಅದು ಜೋಡಣೆಯಾಗುವಂತೆ ಮಾಡುತ್ತಾರೆ. ಕ್ಲೌಡ್‌ಫ್ಲೇರ್ ಸೇವೆ ಬಳಸುವ ತಾಣಗಳಿಗೆ ಇದನ್ನು ತಾನಾಗಿ ಮಾಡಿಕೊಡುವ ಸೌಲಭ್ಯವಿದೆ. ಸ್ಕ್ರಿಪ್ಟ್ ನಡೆಸಿ ನೋಡುವ ಬಾಟ್‌ಗಳೂ ಇವೆ. ಆದರೆ ಪ್ರತಿ ಪುಟಕ್ಕೂ ಹಾಗೆ ಮಾಡಿದರೆ ಸಮಯ ಹಿಡಿಯುತ್ತದೆ, ಖರ್ಚೂ ಏರುತ್ತದೆ. ಲಕ್ಷಗಟ್ಟಲೆ ಪುಟ ಬಾಚಿಕೊಳ್ಳಲು ಹೊರಟವರಿಗೆ ಅದು ಗಿಟ್ಟುವುದು ಕಷ್ಟ.

ವಿಳಾಸವನ್ನೇ ತೋರಿಸದ ದಾರಿ ಎಂದರೆ ಸಂಪರ್ಕ ಫಾರಂ. ಓದುಗರು ಬರೆದು ಒತ್ತುತ್ತಾರೆ, ಸರ್ವರ್ ಅದನ್ನು ನಿಮಗೆ ತಲುಪಿಸುತ್ತದೆ. ವಿಳಾಸ ಸರ್ವರ್‌ನಲ್ಲಿ ಮಾತ್ರ ಇರಬೇಕು. ಕೆಲವು ಹಳೆಯ ಸ್ಕ್ರಿಪ್ಟ್‌ಗಳು ಅದನ್ನು ಫಾರಂನ ಅಡಗಿಸಿದ ಖಾನೆಯಲ್ಲಿ ಇಡುತ್ತಿದ್ದವು, ಅದರಿಂದ ಪ್ರಯೋಜನವಿಲ್ಲ. ಫಾರಂಗೂ ಬಾಟ್‌ಗಳು ಬಂದು ಕಸ ತುಂಬುತ್ತವೆ. ಅದಕ್ಕೆ ‘ಹನಿಪಾಟ್’ ಇದೆ: ಮನುಷ್ಯರ ಕಣ್ಣಿಗೆ ಬೀಳದ ಒಂದು ಖಾಲಿ ಖಾನೆ. ಬಾಟ್ ಸಿಕ್ಕ ಖಾನೆಯನ್ನೆಲ್ಲ ತುಂಬುತ್ತದೆ, ಅದು ತುಂಬಿ ಬಂದ ಪತ್ರವನ್ನು ಸರ್ವರ್ ಎಸೆಯುತ್ತದೆ. ಸ್ಕ್ರೀನ್ ರೀಡರ್ ಬಳಸುವವರಿಗಾಗಿ ‘ಇದನ್ನು ಖಾಲಿ ಬಿಡಿ’ ಎಂಬ ಸೂಚನೆ ಸೇರಿಸಲು ಮರೆಯಬೇಡಿ. ಕ್ಯಾಪ್ಚಾ, ಎಂದರೆ ಬರೆಯುತ್ತಿರುವವರು ಮನುಷ್ಯರೇ ಎಂದು ಪರೀಕ್ಷಿಸುವ ಒಗಟು, ಹಾಕುವುದು ಇದೂ ಸಾಲದಾದಾಗ ಮಾತ್ರ.

ಒಮ್ಮೆ ಸ್ಪ್ಯಾಮ್, ಎಂದರೆ ಇಂಥ ಬೇಡದ ಪತ್ರ, ಕಳಿಸುವವರ ಪಟ್ಟಿಗೆ ಸೇರಿದ ವಿಳಾಸವನ್ನು ವಾಪಸು ಪಡೆಯುವ ಉಪಾಯವಿಲ್ಲ. ಪಟ್ಟಿಗಳು ಕೈಯಿಂದ ಕೈಗೆ ಮಾರಾಟವಾಗುತ್ತವೆ. ಆದ್ದರಿಂದ ಸ್ವಂತ ವಿಳಾಸವನ್ನು ತಾಣದಲ್ಲಿ ಹಾಕಲೇಬೇಡಿ. ‘ಕಚೇರಿ’, ‘ಮಾಹಿತಿ’ ಎಂಬಂಥ ಹೆಸರಿನ ಬೇರೆ ವಿಳಾಸ ಮಾಡಿಕೊಂಡರೆ, ಸ್ಪ್ಯಾಮ್ ಮಿತಿಮೀರಿದ ದಿನ ಅದನ್ನು ಮುಚ್ಚಿ ಹೊಸದನ್ನು ತೆರೆಯಬಹುದು.

ಇದನ್ನು ಓದಿದ ಮೇಲೆ ನಿಮ್ಮ ತಾಣ ತೆರೆದು, ಕಂಪ್ಯೂಟರಿನಲ್ಲಿ ಕಂಟ್ರೋಲ್ ಮತ್ತು ಯು ಕೀಲಿಗಳನ್ನು ಒಟ್ಟಿಗೆ ಒತ್ತಿ. ಪುಟದ ಹಿಂದಿನ ಬರಹ ಕಾಣುತ್ತದೆ. ಅದರಲ್ಲಿ @ ಹುಡುಕಿ. ತಾಣಕ್ಕೆ ಏರಿಸಿದ ಸುತ್ತೋಲೆ, ಆಮಂತ್ರಣಗಳ ಪಿಡಿಎಫ್‌ಗಳನ್ನೂ ಬಿಡಬೇಡಿ. ಯಾರದೋ ಸ್ವಂತ ವಿಳಾಸ ಅಲ್ಲಿ ಸಿಕ್ಕರೆ ಇವತ್ತೇ ತೆಗೆದುಹಾಕಿ.