ದಿಲ್ಲಿಗೆ ಹೊರಟವರೇ, ಒಂದು ಗಳಿಗೆ ಕೂತು ಕೇಳಿ

ಆಫರ್ ಲೆಟರ್ ಬಂದ ದಿನವೇ ಓಣಿಗೆಲ್ಲ ಪೇಡೆ ಹಂಚುತ್ತೀರಿ. ಮಾರನೇ ದಿನ ಸ್ಕೂಟರ್ ಯಾರು ತಗೊಳ್ತಾರೆ, ಫ್ರಿಜ್ ಯಾರಿಗೆ ಕೊಡೋಣ ಎಂಬ ಮಾತು ಶುರು. ಹೋಗಬೇಕೋ ಬೇಡವೋ ಎಂಬ ಮಾತನ್ನು ಮಾತ್ರ ಮನೆಯಲ್ಲಿ ಯಾರೂ ಎತ್ತಿರುವುದಿಲ್ಲ. ಕಾರವಾರ, ಅಂಕೋಲೆ ಬಿಟ್ಟು ದಿಲ್ಲಿಗೋ ಗುರುಗ್ರಾಮಕ್ಕೋ ಕೋಲ್ಕತ್ತೆಗೋ ಹೊರಟ ನಿಮ್ಮಂಥ ಮಕ್ಕಳನ್ನು ಕಂಡಾಗಲೆಲ್ಲ ಹೇಳಬೇಕೆನಿಸಿದ್ದನ್ನು ಇವತ್ತು ಹೇಳಿಬಿಡುತ್ತೇನೆ. ಹಿರಿಯಳು ಗೊಣಗುತ್ತಾಳೆ ಎಂದುಕೊಂಡರೂ ಅಡ್ಡಿಯಿಲ್ಲ.

ಹೋಗಬೇಡಿ ಎನ್ನುವವಳು ನಾನಲ್ಲ. ನಮ್ಮ ಜಿಲ್ಲೆಯವರಿಗೆ ಊರು ಬಿಡುವುದು ಹೊಸತೂ ಅಲ್ಲ. 1862ರಿಂದ 1956ರವರೆಗೆ ನಾವು ಮುಂಬಯಿ ಆಡಳಿತದಲ್ಲೇ ಇದ್ದವರು. ಓದಿಗೂ ನೌಕರಿಗೂ ಮುಂಬಯಿಯೇ ನಮ್ಮ ಪೇಟೆಯಾಗಿತ್ತು. ಅಂಕೋಲೆಯ ದಿನಕರ ದೇಸಾಯರು ಮುಂಬಯಿಯಲ್ಲಿ ಕಾರ್ಮಿಕರ ನಡುವೆ ದುಡಿದರು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಇಲ್ಲಿನ ಮಕ್ಕಳಿಗೆ ಶಾಲೆ ಕಾಲೇಜು ಕೊಟ್ಟರು. ದೇಶ ಸುತ್ತಬೇಕು, ಕೋಶ ಓದಬೇಕು, ಸರಿ. ಆದರೆ ಆಗ ಮುಂಬಯಿಗೆ ಹೋದವರಿಗೆ ಇಳಿಯಲು ಒಬ್ಬ ಮಾವನ ಖೋಲಿ ಇರುತ್ತಿತ್ತು, ಪಕ್ಕದ ಚಾಳಿನಲ್ಲಿ ಊರವರಿರುತ್ತಿದ್ದರು. ನೀವು ಹೊರಟ ಊರಿನಲ್ಲಿ ನಿಮ್ಮ ಮಾತು ತಿಳಿಯುವವರು ಎಷ್ಟು ಮಂದಿ? ಅದನ್ನು ಮೊದಲು ವಿಚಾರಿಸಿ.

ಸಂಬಳದ ಅಂಕಿ ನೋಡಿ ಕಣ್ಣರಳಿಸುತ್ತೀರಿ. ಅದು ಸಿಟಿಸಿ ಎಂಬುದನ್ನು ಮರೆಯಬೇಡಿ. ಕಂಪನಿ ಕಟ್ಟುವ ಪಿಎಫ್ ಪಾಲು, ಗ್ರಾಚ್ಯುಟಿ, ವಿಮೆ, ಬಂದರೆ ಬರಬಹುದಾದ ಬೋನಸ್ಸು ಎಲ್ಲ ಅದರೊಳಗೇ ಸೇರಿರುತ್ತದೆ. ತಿಂಗಳಿಗೆ ಕೈಗೆ ಬರುವುದೆಷ್ಟು ಎಂದು ಎಚ್ಆರ್ ಹತ್ತಿರ ನಾಚಿಕೆಯಿಲ್ಲದೆ ಕೇಳಿ, ಬರಹದಲ್ಲಿ ತರಿಸಿಕೊಳ್ಳಿ. ಅದರಲ್ಲಿ ಮನೆ ಬಾಡಿಗೆ, ಶಾಲೆ ಫೀ, ಆಫೀಸಿಗೆ ಹೋಗಿಬರುವ ಖರ್ಚು, ವರ್ಷಕ್ಕೆರಡು ಸಲ ಇಡೀ ಸಂಸಾರ ಊರಿಗೆ ಬಂದುಹೋಗುವ ಖರ್ಚು ಕಳೆಯಿರಿ. ಇಲ್ಲಿ ನೀವು ಕೊಡದೇ ಇರುವ ಬಾಡಿಗೆ, ಹಿತ್ತಲಿನಿಂದ ಬರುವ ತೆಂಗಿನಕಾಯಿ, ಮಗುವನ್ನು ನೋಡಿಕೊಳ್ಳುವ ಅತ್ತೆ, ಇವಕ್ಕೂ ಬೆಲೆ ಕಟ್ಟಿ. ಆಮೇಲೂ ಉಳಿತಾಯ ಕಂಡರೆ ಆಗ ಪೇಡೆ ಹಂಚಿ.

ದೂರದ ಬೆಟ್ಟ ನುಣ್ಣಗೆ. ಆ ಊರನ್ನು ಫೋಟೋದಲ್ಲಿ ನೋಡಿದ್ದು ಸಾಕು, ಹೋಗಿ ನೋಡಿ. ಅದೂ ಫೆಬ್ರವರಿಯ ಒಳ್ಳೆಯ ಹವೆಯಲ್ಲಲ್ಲ. ದಿಲ್ಲಿಯಾದರೆ ಮೇ ತಿಂಗಳ ಬಿಸಿಗಾಳಿಯಲ್ಲಿ, ಇಲ್ಲವೇ ನವೆಂಬರಿನ ಹೊಗೆಯಲ್ಲಿ ಒಂದು ವಾರ ಇರಿ. ಸಮುದ್ರದ ಗಾಳಿಯಲ್ಲಿ ಬೆಳೆದ ಎದೆಗೂಡು ನಿಮ್ಮದು, ಮನೆಯಲ್ಲಿ ದಮ್ಮಿನವರಿದ್ದರೆ ವೈದ್ಯರನ್ನು ಕೇಳದೆ ಹೂಂ ಅನ್ನಬೇಡಿ. ಬೆಳಿಗ್ಗೆ ಎಂಟೂವರೆಗೆ ಆಫೀಸಿನ ದಾರಿಯಲ್ಲಿ ಒಮ್ಮೆ ಹೋಗಿ ಬನ್ನಿ. ಮನೆ ನೋಡುವಾಗ ನೀರು ದಿನಕ್ಕೆಷ್ಟು ಹೊತ್ತು ಎಂದು ಮಾಲೀಕರನ್ನು ಕೇಳಬೇಡಿ, ಪಕ್ಕದ ಮನೆಯ ಹೆಂಗಸನ್ನು ಕೇಳಿ. ಇನ್ನೊಂದು, ಮೀನು ಬೇಯಿಸಲು ಬಿಡುತ್ತಾರೋ ಇಲ್ಲವೋ ಕರಾರಿಗೆ ಮೊದಲೇ ಬಾಯಿ ಬಿಟ್ಟು ಕೇಳಿ. ಸಸ್ಯಾಹಾರಿಗಳಿಗೆ ಮಾತ್ರ ಎನ್ನುವ ಮಾಲೀಕರು ಎಷ್ಟೋ ನಗರಗಳಲ್ಲಿದ್ದಾರೆ. ಬಂಗಡೆ ಇಲ್ಲದೆ ನಿಮ್ಮ ಮನೆಯವರು ಎಷ್ಟು ದಿನ ಸುಮ್ಮನಿರುತ್ತಾರೆಂದು ನನಗೂ ಗೊತ್ತು.

ಸಲಹೆ ಬೇಕಾದರೆ ಬಹಳ ದೂರ ಹೋಗಬೇಕಿಲ್ಲ. 2005ರಲ್ಲಿ ಐಎನ್ಎಸ್ ಕದಂಬ ಶುರುವಾದಾಗಿನಿಂದ ದೇಶದ ಮೂಲೆಮೂಲೆಯ ನೌಕಾಪಡೆ ಸಂಸಾರಗಳು ನಮ್ಮ ಸೆರಗಿನಲ್ಲೇ ಇವೆ. ಕೈಗಾ ಅಣುಸ್ಥಾವರದವರಿಗೆ ರಾಜಸ್ಥಾನದ ರಾವತ್‌ಭಾಟಾ, ಉತ್ತರಪ್ರದೇಶದ ನರೋರಾ ಎಂದು ವರ್ಗಾವಣೆ ಇದ್ದದ್ದೇ. ಆ ಮನೆಯ ಹೆಂಗಸರಿಗೆ ಗೊತ್ತಿರುವಷ್ಟು ಊರು ಬದಲಿಸುವ ವಿದ್ಯೆ ಯಾವ ಪ್ಯಾಕರ್ಸ್‌ನವರಿಗೂ ಗೊತ್ತಿಲ್ಲ. ಸಾಮಾನು ಕಡಿಮೆ, ಕಾಗದಗಳೆಲ್ಲ ಒಂದೇ ಫೈಲಿನಲ್ಲಿ. ಬಜಾರಿನಲ್ಲಿ ಸಿಕ್ಕಾಗ ಮಾತಾಡಿಸಿ, ನಿಮ್ಮ ಹರುಕು ಹಿಂದಿಗೆ ಅವರೇನೂ ನಗುವುದಿಲ್ಲ. ಒಂದು ವ್ಯತ್ಯಾಸ ಮಾತ್ರ ನೆನಪಿಡಿ. ಅವರಿಗೆ ಹೋದಲ್ಲಿ ಕ್ವಾರ್ಟರ್ಸ್ ಇರುತ್ತದೆ, ಆಸ್ಪತ್ರೆ ಇರುತ್ತದೆ, ನಿಮಗೆ ಎಲ್ಲವನ್ನೂ ನೀವೇ ಹುಡುಕಿಕೊಳ್ಳಬೇಕು.

ಈಗ ನನ್ನ ದೊಡ್ಡ ಮಾತು. ಆಯಿ ಅಪ್ಪನ ವಿಷಯವನ್ನು ನೀವು "ಅವರು ಅಡ್ಜಸ್ಟ್ ಮಾಡ್ಕೊಳ್ತಾರೆ" ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೀರಲ್ಲ, ಅದಕ್ಕೆ ನನಗೆ ಸಿಟ್ಟು. 2024ರ ಮಳೆಗಾಲ ಮರೆತಿರೇನು? ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಎಷ್ಟೋ ದಿನ ಮುಚ್ಚಿತು, ಮಣಿಪಾಲದ ನೇರ ದಾರಿಯೇ ಹೋಯಿತು. ಮೂರು ವಾರ ಕಳೆದು ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಲಾರಿಯೊಂದಿಗೇ ಕುಸಿಯಿತು. ಗೋವೆಯ ದಾರಿ ಅದು. ಪಕ್ಕದ ಹೊಸ ಸೇತುವೆ ಇದ್ದದ್ದು ಪುಣ್ಯ. ಕಾರವಾರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಇದೆ, ನಿಜ, ಆದರೆ ಕೇಸು ಸ್ವಲ್ಪ ಗಂಭೀರವಾದರೆ ಇಂದಿಗೂ ನಮ್ಮ ಜನ ಓಡುವುದು ಗೋವೆಗೆ, ಮಣಿಪಾಲಕ್ಕೆ, ಹುಬ್ಬಳ್ಳಿಗೆ. ರಾತ್ರಿ ಎರಡು ಗಂಟೆಗೆ ಅಪ್ಪನಿಗೆ ಎದೆ ನೋವು ಬಂದರೆ ಗಾಡಿ ತೆಗೆಯುವವರು ಯಾರು? ಹೆಸರು ಹೇಳಿ. ಹೆಸರು ಬಾಯಿಗೆ ಬರದಿದ್ದರೆ ನಿಮ್ಮ ತಯಾರಿ ಆಗಿಲ್ಲವೆಂದೇ ಲೆಕ್ಕ. ನಿಜಾಮುದ್ದೀನಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದರೆ ಕಾರವಾರ ಮುಟ್ಟಲು ಒಂದು ದಿನ ಮೀರುತ್ತದೆ. ವಿಮಾನವೆಂದರೆ, ಮೋಪಾ ಇರುವುದು ಗೋವೆಯ ಉತ್ತರದ ತುದಿಗೆ, ನಾವಿರುವುದು ದಕ್ಷಿಣದ ತುದಿಯ ಆಚೆ.

ಹಾಗಾಗಿ ಹೊರಡುವ ಮುಂಚೆ ನೆರೆಯ ಒಬ್ಬರನ್ನು, ಒಬ್ಬ ಗಾಡಿಯವರನ್ನು, ಒಬ್ಬ ವೈದ್ಯರನ್ನು ಮಾತಾಡಿಸಿ ಒಪ್ಪಿಸಿ. ಔಷಧಿ ಚೀಟಿ, ರಕ್ತದ ಗುಂಪು, ವಿಮೆ ಕಾರ್ಡು ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಡಿ. ಅವರನ್ನೇ ಕರೆದುಕೊಂಡು ಹೋಗುವ ಯೋಚನೆಯೋ? ಹನ್ನೊಂದನೇ ಮಹಡಿಯ ಬಾಲ್ಕನಿಯಲ್ಲಿ ಅವರು ದಿನವಿಡೀ ಏನು ಮಾಡಬೇಕು ಎಂದು ಅವರನ್ನೇ ಕೇಳಿ ನಿರ್ಧರಿಸಿ. ಒಂದು ಚಳಿಗಾಲ ಕರೆಸಿಕೊಂಡು ನೋಡಿ, ಒಮ್ಮೆಗೇ ಮನೆ ಬೀಗ ಹಾಕಿಸಬೇಡಿ.

ಗಂಡ ಹೆಂಡತಿ ಇಬ್ಬರ ಮನಸ್ಸೂ ಒಂದಾಗಲಿ. ಎತ್ತು ಏರಿಗೆ, ಕೋಣ ನೀರಿಗೆ ಎಳೆದರೆ ಸಂಸಾರ ಸಾಗದು. ಒಬ್ಬರ ಬಡ್ತಿಗಾಗಿ ಇನ್ನೊಬ್ಬರು ಇಲ್ಲಿನ ಶಾಲೆಯ ಕೆಲಸವನ್ನೋ ಬ್ಯಾಂಕಿನ ಕೆಲಸವನ್ನೋ ಬಿಡಬೇಕಾದರೆ, ಬಿಡುವವರ ಮಾತಿಗೆ ಹೆಚ್ಚು ತೂಕವಿರಲಿ. ಸಾಮಾನ್ಯವಾಗಿ ಬಿಡುವವಳು ಯಾರೆಂದು ಹೇಳಬೇಕಾಗಿಲ್ಲ. ರಾಜೀನಾಮೆ ಗೀಚುವ ಮೊದಲು ಸಂಬಳವಿಲ್ಲದ ರಜೆಯಾದರೂ ಸಿಗುತ್ತದೆಯೇ ಎಂದು ಕೇಳಲಿ.

ಮಕ್ಕಳಿದ್ದರೆ ತಿಂಗಳು ನೋಡಿ ಹೊರಡಿ. ಇಲ್ಲಿ ಶಾಲೆ ತೆರೆಯುವುದು ಜೂನಿನ ಹೊತ್ತಿಗೆ, ಅಲ್ಲಿನ ಸಿಬಿಎಸ್ಇ ಶಾಲೆಗಳು ಏಪ್ರಿಲಿನಲ್ಲೇ ಪಾಠ ಶುರುಮಾಡಿರುತ್ತವೆ. ಹತ್ತನೇ ಕ್ಲಾಸಿನ ನಡುವೆ ಮಗುವನ್ನು ಕಿತ್ತುಕೊಂಡು ಹೋಗಬೇಡಿ. ಸಿಬಿಎಸ್ಇಯಲ್ಲಿ ಒಂಬತ್ತಕ್ಕೇ ನೋಂದಣಿ ಆಗುತ್ತದೆ, ಮುಂದೆ ಬದಲಿಸುವುದು ತ್ರಾಸು. ಹೆಚ್ಚಿನವರು ನೋಡದೇ ಬಿಡುವ ಸಂಗತಿ ಇನ್ನೊಂದಿದೆ. ಮುಂದೆ ಸಿಇಟಿ ಬರೆದು ಕರ್ನಾಟಕದ ಸರಕಾರಿ ಕೋಟಾ ಸೀಟು ಕೇಳಬೇಕಾದರೆ ಸಾಮಾನ್ಯವಾಗಿ ಒಂದನೇ ಕ್ಲಾಸಿನಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ 7 ವರ್ಷ ಇಲ್ಲೇ ಓದಿರಬೇಕು. ಬೇರೆ ಕಲಮುಗಳೂ ಇವೆ, ಕೆಇಎ ಪುಸ್ತಿಕೆಯನ್ನು ಈಗಲೇ ಓದಿ, ಮಗು ಹದಿನೇಳಕ್ಕೆ ಬಂದ ಮೇಲೆ ಓದಬೇಡಿ. ಮೀಸಲಾತಿಯವರು ಇನ್ನೂ ಎಚ್ಚರ. ಪರಿಶಿಷ್ಟ ಪಟ್ಟಿಗಳು ರಾಜ್ಯ ರಾಜ್ಯಕ್ಕೆ ಬೇರೆ, ವಲಸೆ ಹೋದವರಿಗೆ ಹೋದ ರಾಜ್ಯದಲ್ಲಿ ಅದೇ ಸೌಲಭ್ಯ ಸಿಗುವುದಿಲ್ಲವೆಂದು ಸುಪ್ರೀಂ ಕೋರ್ಟು 1990ರಲ್ಲೇ ಹೇಳಿದೆ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಕೆಎ 30 ನಂಬರಿನ ಗಾಡಿ ಒಯ್ಯುವಿರಾದರೆ 12 ತಿಂಗಳಿಗೂ ಹೆಚ್ಚು ಅಲ್ಲೇ ಇದ್ದಾಗ ಮರುನೋಂದಣಿ ಬೇಕು, ಅದಕ್ಕೆ ಕಾರವಾರ ಆರ್‌ಟಿಓದ ಎನ್ಓಸಿ ಬೇಕು. ಹಳೇ ಗಾಡಿಯಾದರೆ ಇಲ್ಲೇ ಬಿಡಿ, ದಿಲ್ಲಿಯ ಕಟ್ಟುಪಾಡೇ ಬೇರೆ. ಪಿಎಫ್‌ಗೆ ಹಳೇ ಯುಎಎನ್ ಸಂಖ್ಯೆಯನ್ನೇ ಕೊಡಿ, ಹೊಸದು ಮಾಡಿಸಬೇಡಿ. ಜೂನ್ ಜುಲೈನಲ್ಲಿ ಸಾಮಾನು ಸಾಗಿಸಬೇಡಿ, ಆ ಹಾಸಿಗೆ ಅರಬೈಲ ಘಟ್ಟದಲ್ಲೇ ಅರ್ಧ ನೆನೆದಿರುತ್ತದೆ. ಅಜ್ಜಿಯ ಸಾಗವಾನಿ ಪೆಟ್ಟಿಗೆ ಇಲ್ಲೇ ಇರಲಿ.

ಆಸ್ತಿ ಮಾರುವ ಅವಸರವೂ ಬೇಡ. ಕೇಣಿಗೆ ಬಂದರು ಬರುತ್ತದೆ, ಅಲಗೇರಿಗೆ ವಿಮಾನ ನಿಲ್ದಾಣ ಬರುತ್ತದೆ, ಈಗ ಕೊಟ್ಟರೆ ಒಳ್ಳೇ ರೇಟು ಎನ್ನುವ ದಲಾಲರು ಗೇಟಿಗೆ ಬರುತ್ತಾರೆ. ಎಲ್ಲ ಬಂದ ಮೇಲೆ ಇಲ್ಲೇ ನೌಕರಿ ಸಿಗುತ್ತದಲ್ಲ, ಯಾಕೆ ಹೋಗುತ್ತೀರಿ ಎನ್ನುವ ನೆಂಟರೂ ಬರುತ್ತಾರೆ. ಇಬ್ಬರಿಗೂ ಚಹಾ ಕೊಟ್ಟು ಕಳಿಸಿ. ಅಂಕೋಲಾ ಹುಬ್ಬಳ್ಳಿ ರೈಲಿನ ಸುದ್ದಿ ಕೇಳುತ್ತಲೇ ನಮ್ಮ ಕೂದಲು ಬೆಳ್ಳಗಾದವು. ಬರುವ ಯೋಜನೆಯ ಮೇಲೆ ಹೋಗುವ ಲೆಕ್ಕವನ್ನೂ ಕಟ್ಟಬೇಡಿ, ಉಳಿಯುವ ಲೆಕ್ಕವನ್ನೂ ಕಟ್ಟಬೇಡಿ.

ಇಷ್ಟೆಲ್ಲ ತೂಗಿದ ಮೇಲೂ ಹೋಗಬೇಕೆನಿಸಿದರೆ ಮೊದಲು ಒಬ್ಬರು ಹೋಗಿ. ಆರು ತಿಂಗಳು ಪೀಜಿಯಲ್ಲಿರಿ. ಕಂಪನಿಯ ಪ್ರೊಬೇಷನ್ ಮುಗಿಯಲಿ, ಸಂಸಾರ ಆಮೇಲೆ ಹೊರಡಲಿ. ಮರಳಿ ಬರುವುದು ಸೋಲಲ್ಲ ಎಂದು ಇಬ್ಬರೂ ಈಗಲೇ ಮಾತಾಡಿಕೊಂಡಿರಿ, ಎರಡು ವರ್ಷಕ್ಕೊಮ್ಮೆ ಕೂತು ಮತ್ತೆ ಲೆಕ್ಕ ಹಾಕಿ. ಮೂರು ತಿಂಗಳ ಖರ್ಚಿನ ದುಡ್ಡು ಊರಿನ ಬ್ಯಾಂಕಿನಲ್ಲೇ ಇರಲಿ, ಅದನ್ನು ಮುಟ್ಟಬೇಡಿ.

ಮತ್ತೆ ಚೌತಿಗೆ ಬರುವುದು. "ನೋಡೋಣ, ರಜೆ ಸಿಕ್ಕರೆ" ಅನ್ನಬೇಡಿ. ರೈಲಿನ ಮುಂಗಡ ಬುಕಿಂಗು 2024ರ ನವೆಂಬರಿನಿಂದ 60 ದಿನಕ್ಕೆ ಇಳಿದಿದೆ, ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ, ಚೌತಿಯ ಸೀಟುಗಳು ನಿಮಿಷಗಳಲ್ಲಿ ಖಾಲಿ. ಅದು ಮಳೆಗಾಲದ ವೇಳಾಪಟ್ಟಿಯ ಸಮಯ, ಕೊಂಕಣ ರೈಲು ನಿಧಾನಕ್ಕೇ ಬರುತ್ತದೆ, ರಜೆ ಹಾಕುವಾಗ ಹಿಂದುಮುಂದೆ ಒಂದೊಂದು ದಿನ ಸೇರಿಸಿಕೊಳ್ಳಿ. ಸೇರುವ ದಿನವೇ ಬಾಸಿಗೆ ಹೇಳಿಟ್ಟುಬಿಡಿ.